ಬೆಳಕಿಗೆ ಹಿಡಿದ ಹಾಳೆ

೧೯೮೪ನೇ ಇಸವಿ ಫೆಬ್ರವರಿ ಎಂಟು, ಬುಧವಾರ, ಮಧ್ಯಾಹ್ನ. ನ್ಯಾಮತಿಯ ಬಯಲಿನಲ್ಲಿ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿನ ಮಾಲೀಕ ಜಂಪಣ್ಣ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಬಾಯಿಂದ ಮಾತೇ ಹೊರಡಲಿಲ್ಲ. ದಿನಾ ಸಂಜೆ ಮೈಕು ಹಿಡಿದು ಊರಿನವರ ಕಿವಿ ತೂತು ಮಾಡುತ್ತಿದ್ದ ಮನುಷ್ಯ! ಹೆಡ್ ಕಾನ್ಸ್‌ಟೇಬಲ್ ರಂಗಣ್ಣ ಒಂದು ಲೋಟ ನೀರು ಕೊಟ್ಟ ಮೇಲೆ ದನಿ ಬಂತು.

"ಲೆನ್ಸ್ ಹೋತು ಸಾರ್. ಮಿಷಿನ್ನಿನ ಕಣ್ಣೇ ಹೋತು."

ಸರ್ಕಲ್ ಇನ್ಸ್‌ಪೆಕ್ಟರ್ ಮುರುಗೇಶಪ್ಪ ಅಂದು ಹೊನ್ನಾಳಿಯಿಂದ ತಪಾಸಣೆಗೆಂದು ಬಂದಿದ್ದರು. ಸಬ್‌ಇನ್ಸ್‌ಪೆಕ್ಟರ್ ರಜೆಯಲ್ಲಿದ್ದುದರಿಂದ ಕೇಸು ಅವರ ಕೊರಳಿಗೇ ಬಿತ್ತು.

"ಎಂಥ ಲೆನ್ಸು?"

"ಹಿತ್ತಾಳೆ ಕೊಳವೆ ಸಾರ್, ಗೇಣುದ್ದನೂ ಇಲ್ಲ. ಎರಡೂ ಕಡೆ ಗಾಜು. ಬಾಯಿ ಹತ್ರ ಮೂರು ಗೀರು ಅದಾವೆ. ಅದಿಲ್ಲಾಂದ್ರೆ ಪರದೆ ಮ್ಯಾಲೆ ಬರೇ ಬೆಳಕು, ಬೊಂಬೆ ಬರಲ್ಲ."

"ಕಡೆಗೆ ನೋಡಿದ್ದು?"

"ಸೋಮವಾರದ ಆಟದಾಗೆ. ಮಂಗಳವಾರ ಆಟ ಇರಲ್ಲ. ರೀಲು ಬದಲಿಸಾಕೆ ಶಿವಮೊಗ್ಗಕ್ಕೆ ಹೋಗಿದ್ದೆ."

"ಕೋಣೆಯ ಬೀಗದ ಕೈ?"

ಜಂಪಣ್ಣ ನೆಲ ನೋಡಿದ. "ನನ್ನತ್ರ ಒಂದು. ಆಪರೇಟರ್ ಬೈಲಪ್ಪನತ್ರ ಒಂದು."

ಪ್ರಥಮ ವರ್ತಮಾನ ವರದಿ ತಯಾರಾಯಿತು. ಐಪಿಸಿ ೩೮೦ನೇ ಕಲಮು. ಮನೆಯಷ್ಟೇ ಅಲ್ಲ, ಡೇರೆಯೊಳಗಿನ ಕಳವೂ ಅದರಲ್ಲಿ ಬರುತ್ತದೆಂದು ರಂಗಣ್ಣನಿಗೆ ಗೊತ್ತಾದದ್ದು ಅವತ್ತೇ.

ಸಂಜೆಯೊಳಗೆ ಸ್ಥಳ ಪಂಚನಾಮೆ ಮುಗಿಯಿತು. ಡೇರೆಯ ಹಿಂಬದಿಗೆ ತಗಡಿನ ಕೋಣೆ. ನಡುವೆ ಪ್ರೊಜೆಕ್ಟರು, ಅದರ ಮೂತಿಯಲ್ಲಿ ಲೆನ್ಸಿನ ಜಾಗ ಖಾಲಿ. ರೀಲಿನ ಪೆಟ್ಟಿಗೆಗಳು, ಎಣ್ಣೆ ಡಬ್ಬ, ಸ್ಟೂಲು, ಎಲ್ಲವನ್ನೂ ಎತ್ತಿ ಇಳಿಸಿ ನೋಡಿದರು. ಪಶ್ಚಿಮದ ಗೋಡೆಯಲ್ಲೊಂದು ಗಾಜಿನ ಕಿಟಕಿ, ಅದಕ್ಕೆ ಹೊರಗಿನಿಂದ ಹಲಗೆಯ ಬಾಗಿಲು ಮುಚ್ಚಿತ್ತು. "ಗಾಜಿಗೆ ಹಳೇ ಪತ್ರಿಕೆಯ ತುಂಡುಗಳನ್ನು ಅಂಟಿಸಿರುತ್ತದೆ, ಬಿಸಿಲು ತಡೆಯಲು ಇರಬಹುದು" ಎಂದು ರಂಗಣ್ಣ ಬರೆದ. ಮೂಲೆಯಲ್ಲಿ ದೇವರ ಗೂಡು. ಅಲ್ಲಿ ಪೂಜೆಯಾಗದೆ ಮೊದಲ ರೀಲು ತಿರುಗುವುದಿಲ್ಲ. ಕಾಲಲ್ಲಿ ಬೂಟಿದ್ದುದರಿಂದ ಪೊಲೀಸರು ಅದರ ಹತ್ತಿರ ಹೋಗದೆ ದೂರದಿಂದಲೇ ಕೈಮುಗಿದರು. ಪಂಚರೂ ಕೈಮುಗಿದರು. ಯಾರಿಗೂ ಅದು ತಪ್ಪೆನಿಸಲಿಲ್ಲ.

ಬೈಲಪ್ಪ ಜಗಳೂರು ತಾಲ್ಲೂಕಿನ ಬಿಳಿಚೋಡಿನವನು, ನಲವತ್ತರ ಆಸುಪಾಸು. ಹದಿನಾರು ವರ್ಷದಿಂದ ಇದೇ ಡೇರೆ, ಇದೇ ಮಿಷಿನ್ನು.

"ಮಂಗಳವಾರ ಕೋಣೆಗೆ ಯಾರು ಬಂದಿದ್ದರು?"

"ಒಬ್ರು ಅಮ್ಮಾರು ಬಂದಿದ್ರು ಸಾರ್. ಚನ್ನಗಿರಿ 'ಕಣಿವೆ' ಪೇಪರಿನೋರು. ಹಿಂದೆ ಒಂದ್ಸಲ ಬಂದು ಮಿಷಿನ್ನಿನ ಚಿತ್ರ ಬರ್ಕೊಂಡು ಹೋಗಿದ್ರು. ಸರಿ ಐತಾ ನೋಡಪ್ಪಾ ಅಂತ ತೋರ್ಸಾಕೆ ಬಂದಿದ್ರು. ಕತ್ತಲಾಗಿತ್ತು, ಲಾಟೀನು ಹಚ್ಚಿದ್ದೆ."

"ಅವರೊಬ್ಬರನ್ನೇ ಬಿಟ್ಟು ಹೋಗಿದ್ದೆಯಾ?"

"ಟೀ ತರಾಕೆ ಹೋಗಿದ್ದೆ."

"ಎಂಥ ಹೆಂಗಸು?"

"ನಿಮ್ಮ ಅಕ್ಕಾರ ವಯಸ್ಸಿನೋರು ಸಾರ್. ಕೈಯಾಗೆ ಛತ್ರಿ."

"ಛತ್ರಿ ಹಿಡಿದ ಹೆಂಗಸು ಸಿನಿಮಾ ಲೆನ್ಸ್ ಕದ್ದು ಏನು ಮಾಡ್ತಾರಯ್ಯ, ಹಪ್ಪಳ ಒತ್ತುತ್ತಾರಾ?" ಎಂದರು ಮುರುಗೇಶಪ್ಪ. ಠಾಣೆಯಲ್ಲಿದ್ದವರೆಲ್ಲ ನಕ್ಕರು. ಬೈಲಪ್ಪ ನಗಲಿಲ್ಲ. ಗುರುವಾರ ಅವನ ದಸ್ತಗಿರಿಯಾಯಿತು, ಶುಕ್ರವಾರ ಹೊನ್ನಾಳಿಯ ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಕೊಟ್ಟರು. ಈ ಸುದ್ದಿ ಒಂದು ಡೇರೆಯಿಂದ ಇನ್ನೊಂದು ಡೇರೆಗೆ ಹೋಗಲು ಎಷ್ಟು ಹೊತ್ತು? ಕಳ್ಳ ಎನಿಸಿಕೊಂಡ ಆಪರೇಟರನ್ನು ಯಾವ ಟಾಕೀಸಿನವರೂ ಮಿಷಿನ್ನಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅವನಿಗೆ ಬರುತ್ತಿದ್ದುದು ಅದೊಂದೇ ಕೆಲಸ.

ರಂಗಣ್ಣ ಬಿಳಿಚೋಡಿಗೆ ಹೋಗಿ ಬೈಲಪ್ಪನ ಮನೆ ಶೋಧಿಸಿದ. ಒಂದು ಕಂಬಳಿ, ನಾಲ್ಕು ಪಾತ್ರೆ, ಎರಡು ಕುರಿ. ಲೆನ್ಸು ಇರಲಿಲ್ಲ. ಬೈಲಪ್ಪನ ಹೆಂಡತಿ ಕೆಂಪಕ್ಕ ಬಾಗಿಲಿಗೆ ಚಿಲಕ ಹಾಕಿ ಅವನ ಹಿಂದೆಯೇ ಬಸ್ಸು ಹತ್ತಿದಳು. ಶನಿವಾರ ಬೆಳಿಗ್ಗೆ ಠಾಣೆಯ ಜಗಲಿ ಮೇಲೆ ಕೂತವಳು ಏಳಲೇ ಇಲ್ಲ.

"ಇಲ್ಲಿ ಕೂತ್ರೆ ಏನೂ ಆಗಲ್ಲ ತಾಯಿ," ಎಂದ ರಂಗಣ್ಣ.

"ನನ್ ಗಂಡ ಆ ಲೆನ್ಸ್‌ನ ತನ್ನ ಪಂಚೆಯಾಗೆ ಒರೆಸಲ್ಲ ಕಣಣ್ಣ, ಗೀರು ಬೀಳ್ತೈತೆ ಅಂತ. ಹೊಸಾ ಬಟ್ಟೆ ಹರಿದು ಒರೆಸ್ತಾನೆ. ಅವ್ನು ಕದೀತಾನಾ?"

ರಂಗಣ್ಣ ಎದ್ದ. ಹೋಗಿ ಎರಡು ಪೊಟ್ಟಣ ಬಿಸಿ ಮಿರ್ಚಿ ತಂದು ಒಂದನ್ನು ಅವಳಿಗೆ ಕೊಟ್ಟ. ಅವಳು ಮಿರ್ಚಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು, ಗಂಡನಿಗಿರಲಿ ಅಂತ. ಎಣ್ಣೆ ಕುಡಿದ ಕಾಗದವನ್ನು ಬಿಡಿಸಿ ಎಸೆಯಲು ಕೈ ಎತ್ತಿದಳು. ಸೂರ್ಯ ಅವಳ ಹಿಂದಿದ್ದ. ಕೆಳಗಿನ ಮೆಟ್ಟಿಲಲ್ಲಿ ಕೂತು ಮಿರ್ಚಿ ಕಚ್ಚುತ್ತಿದ್ದ ರಂಗಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

"ಏಯ್ ಕೆಂಪಕ್ಕ, ಅಲ್ಲಾಡಬೇಡ! ಹಂಗೇ ಹಿಡ್ಕೊ! ಸಾರ್, ಸಾರ್, ಬರ್ರಿ ಹೊರಗೆ!"

ಮುರುಗೇಶಪ್ಪ ಬಂದು ನೋಡಿದರು. ಅದು ಹಿಂದಿನ ದಿನದ 'ಕಣಿವೆ' ವಾರಪತ್ರಿಕೆಯ ಹಾಳೆ. ಮುಂಬದಿಯಲ್ಲಿ 'ಬಿಚ್ಚಿ ನೋಡು' ಎಂಬ ಅಂಕಣ, ಸಿನಿಮಾ ಯಂತ್ರದ ಬಗ್ಗೆ ಲೇಖನ, ಪಕ್ಕದಲ್ಲಿ ರೇಖಾಚಿತ್ರ. ಹಿಂಬದಿಯಲ್ಲಿ ಜಂಪಣ್ಣನದೇ ಟಾಕೀಸಿನ ಜಾಹೀರಾತು, ಸುತ್ತ ಬಳ್ಳಿ ಬಳ್ಳಿಯ ಅಂಚು. ಬೇರೆಬೇರೆ ನೋಡಿದರೆ ಎರಡರಲ್ಲೂ ಏನೂ ವಿಶೇಷವಿಲ್ಲ. ಎಣ್ಣೆಗೆ ಕಾಗದ ಗಾಜಿನ ಹಾಗಾಗಿತ್ತು. ಬಿಸಿಲಿಗೆ ಎರಡು ಬದಿಯ ಗೆರೆಗಳೂ ಒಂದಾಗಿದ್ದವು. ಹಿಂಬದಿಯ ಬಳ್ಳಿಗಳು ಊದುಬತ್ತಿಯ ಹೊಗೆಯಾಗಿದ್ದವು. ಅಂಚಿನ ಎರಡು ಗೆರೆ ಒಂದು ಡಬ್ಬಿಯಾಗಿತ್ತು. ಮುಂಬದಿಯ ಲೆನ್ಸು, ಬಾಯಿಯ ಹತ್ತಿರ ಮೂರು ಗೀರಿದ್ದ ಅದೇ ಲೆನ್ಸು, ಕರಾರುವಾಕ್ಕಾಗಿ ಆ ಡಬ್ಬಿಯ ಹೊಟ್ಟೆಯೊಳಗೆ ಕೂತಿತ್ತು.

"ಅಬ್ಬಬ್ಬಾ!" ಎಂದರು ಇನ್ಸ್‌ಪೆಕ್ಟರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರು ಹಾಗೆ ಅಂದದ್ದನ್ನು ರಂಗಣ್ಣ ಕೇಳಿರಲಿಲ್ಲ.

ಜೀಪು ಡೇರೆಯ ಮುಂದೆ ನಿಂತಾಗ ಜಂಪಣ್ಣ ದೇವರ ಗೂಡಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದ. ಗೂಡಿನಲ್ಲಿ ದೇವರ ಪಟ, ಪಟದ ಮುಂದೆ ಅಕ್ಕಿ ತುಂಬಿದ ಹಳೇ ಡಾಲ್ಡಾ ಡಬ್ಬಿ, ಅಕ್ಕಿಯಲ್ಲಿ ನೆಟ್ಟ ಊದುಬತ್ತಿ. ಈ ಸಲ ಮುರುಗೇಶಪ್ಪ ಬೂಟು ಬಿಚ್ಚಿದರು. ಡಬ್ಬಿಯೊಳಗೆ ಕೈ ಇಳಿಸಿದರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆ ಕೊಳವೆ ಮೇಲೆ ಬಂತು, ಆ ಹಳೇ ಮೂರು ಗೀರು ಬಿಟ್ಟರೆ ಹೊಸದೊಂದು ಗೀರಿಲ್ಲದೆ.

"ಅಯ್ಯೋ ಶಿವನೇ," ಎಂದು ಜಂಪಣ್ಣ ಕುಸಿದು ಕೂತ. "ಮೂರು ದಿನದಿಂದ ಇದರ ಮ್ಯಾಲೇ ಊದಿನಕಡ್ಡಿ ಚುಚ್ಚಿ, ಲೆನ್ಸ್ ಕೊಡಿಸಪ್ಪಾ ಅಂತ ಅಳ್ತಿದ್ದೀನಿ ಸಾರ್!"

ಜಪ್ತಿ ಪಂಚನಾಮೆಯಾಯಿತು. ಕೆಂಪಕ್ಕ ಓಡಿ ಬಂದಳು. "ಸಿಕ್ತಲ್ಲ, ಬಿಡ್ರೀ ಸ್ವಾಮಿ ಅವನ್ನ."

"ಸಿಕ್ಕಿತಮ್ಮ. ಆದರೆ ಅಲ್ಲಿ ಬಚ್ಚಿಟ್ಟದ್ದು ಅವನೇ ಅಂತ ಕೋರ್ಟಿನಲ್ಲಿ ಯಾರಾದರೂ ಅಂದರೆ?" ಮುರುಗೇಶಪ್ಪ ಎಣ್ಣೆ ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದರು. "ಇದನ್ನು ಬರೆದ ಕೈ ಸಿಗಬೇಕು. ಸೋಮವಾರ ನಾನೇ ಚನ್ನಗಿರಿಗೆ ಹೋಗ್ತೇನೆ." ಛತ್ರಿಯ ಹೆಂಗಸು ಅವರಿಗೆ ನೆನಪಾಗಿದ್ದಳು. ಹಪ್ಪಳದ ಮಾತೂ ನೆನಪಾಗಿತ್ತು.

ಚನ್ನಗಿರಿಯಲ್ಲಿ 'ಕಣಿವೆ'ಯ ಮುದ್ರಣಾಲಯ ಒಂದೇ ಕೋಣೆಯದು. ಮಾಲೀಕ, ಸಂಪಾದಕ ಎರಡೂ ಮಲ್ಲಿಕಾರ್ಜುನಪ್ಪನವರೇ.

"ಈ ಚಿತ್ರ ಯಾರದು?"

"'ಬಿಚ್ಚಿ ನೋಡು' ಬರೆಯೋ ಸರ್ವಮಂಗಳಮ್ಮಾರದು. ಹೆಸರು ಹಾಕೋದು 'ಸಮಂ' ಅಂತ ಅಷ್ಟೇ. ಓದೋರೆಲ್ಲ ಗಂಡಸು ಅಂತ ತಿಳ್ಕೊಂಡಿದಾರೆ, ನಾವೂ ತಿದ್ದಿಲ್ಲ."

"ಹಿಂಬದಿಯ ಜಾಹೀರಾತಿನ ಅಂಚು?"

"ಅದೂ ಅವರೇ. ಅವರ ಪುಟದ ಹಿಂದೆ ಬರೋ ಅಂಚೆಲ್ಲ ಅವರೇ ಬರೆದು ಬ್ಲಾಕ್ ಮಾಡಿಸಿಕೊಡ್ತಾರೆ. ದುಡ್ಡು ತಗೊಳ್ಳಲ್ಲ. ಯಾಕೆ ಸಾರ್, ಏನಾತು?"

ಮುರುಗೇಶಪ್ಪ ಎಣ್ಣೆ ಹಾಳೆಯನ್ನು ಮಡಿಚಿದರು. "ಹಳೇ ಸಂಚಿಕೆ ಇದಾವಾ?"

ಮಲ್ಲಿಕಾರ್ಜುನಪ್ಪ ಅಟ್ಟದಿಂದ ಕಟ್ಟು ಇಳಿಸಿದರು. ಜೊತೆಗೆ ಬಂದಿದ್ದ ರಂಗಣ್ಣನೂ ಸೇರಿ ಮೂವರೂ ಕಿಟಕಿಯ ಹತ್ತಿರ ನಿಂತು ಒಂದೊಂದೇ ಹಾಳೆಯನ್ನು ಬಿಸಿಲಿಗೆ ಹಿಡಿಯತೊಡಗಿದರು. ಮೊದಲನೆಯದು ೧೯೭೨ರದು, ಸೈಕಲ್ ಡೈನಮೋ. ಮುಂದೆ ಒಂಟಿ ಚಕ್ರ; ಹಿಂದಿನ ಬಳೆ ಅಂಗಡಿ ಜಾಹೀರಾತಿನ ಬಳೆಯೊಂದು ಬಂದು ಎರಡನೇ ಚಕ್ರವಾಯಿತು. ಗೆರೆ ಸ್ವಲ್ಪ ಸೊಟ್ಟ. ೧೯೭೫, ಟ್ರಾನ್ಸಿಸ್ಟರ್ ರೇಡಿಯೋ. ತಂತಿಗಳ ನಕ್ಷೆಯೆಲ್ಲ ಗೊಬ್ಬರದ ಜಾಹೀರಾತಿನ ಎಲೆಗಳ ಜೊತೆ ಸೇರಿ ಒಂದು ಮರವಾಯಿತು, ಮರದ ಮೇಲೆ ಕೊಕ್ಕು ತೆರೆದ ಹಕ್ಕಿ. ೧೯೭೮, ನೀರೆತ್ತುವ ಪಂಪು. ಕೊಳವೆಯೊಳಗೆ ಮೀನಿನ ಹಿಂಡು, ಹಿಂದೆ ನೋಡಿದರೆ ಮದುವೆ ಶುಭಾಶಯದ ತೋರಣ! ೧೯೮೧, ದೂರವಾಣಿ. ಎರಡು ಮುಖ ಎದುರುಬದುರು, ಒಬ್ಬಳ ರೆಪ್ಪೆಯ ಅರ್ಧ ಕೂದಲು ಈ ಬದಿ, ಅರ್ಧ ಆ ಬದಿ, ನಡುವೆ ಕೂಡಿದ ಗುರುತೇ ಇಲ್ಲ.

ಯಂತ್ರದ ಸದ್ದನ್ನು ನಿಲ್ಲಿಸಿ ಕೆಲಸದವರೂ ಬಂದು ನಿಂತರು. ಹನ್ನೆರಡು ವರ್ಷ ತಮ್ಮ ಊರಿನ ಪಕ್ಕದಲ್ಲೇ ಇದು ನಡೆದಿತ್ತೇ ಎಂದು ಮುರುಗೇಶಪ್ಪನವರಿಗೆ ಮೈ ಜುಮ್ಮೆಂದಿತು. ಇನ್ನೊಂದು ಹಾಳೆಯನ್ನು ಎತ್ತಿಕೊಳ್ಳುವಾಗ ಅವರ ಕೈ ತಾನಾಗಿ ಮೆತ್ತಗಾಯಿತು.

"ಅಚ್ಚಾಗೋ ದಿನ ಬಂದು ಮಿಷಿನ್ನಿನ ಪಕ್ಕ ಕೂರೋರು ಸಾರ್," ಎಂದರು ಮಲ್ಲಿಕಾರ್ಜುನಪ್ಪ, ದನಿ ಇಳಿಸಿ. "ಒಂದು ನೂಲು ಎಡಕ್ಕೆ ತಳ್ರಿ, ಅರ್ಧ ನೂಲು ಬಲಕ್ಕೆ ತಳ್ರಿ ಅಂತ ಪ್ರಾಣ ತಿನ್ನೋರು. ಏನು ಕಿರಿಕಿರಿ ಹೆಂಗಸಪ್ಪಾ ಅಂತಿದ್ದೆ. ನನ್ನ ಕೈಯಿಂದಲೇ ಅಚ್ಚು ಹಾಕ್ಸಿದಾರೆ, ನನಗೇ ಗೊತ್ತಾಗಲಿಲ್ಲ ನೋಡ್ರಿ!"

ಒಂದು ಲೇಖನ ನೋಟಿನ ಕಾಗದದಲ್ಲಿ ಅಡಗಿರುವ ಚಿತ್ರದ ಬಗ್ಗೆ ಇತ್ತು. ಅದರ ಕೊನೆಯ ಸಾಲನ್ನು ಮುರುಗೇಶಪ್ಪ ಗಟ್ಟಿಯಾಗಿ ಓದಿದರು: "ನೂರರ ನೋಟನ್ನು ಬೆಳಕಿಗೆ ಹಿಡಿಯದೆ ಜೇಬಿಗಿಳಿಸದ ನಮ್ಮ ಜನ, ಮಿಕ್ಕ ಕಾಗದವನ್ನು ಏಕೆ ಹಿಡಿದು ನೋಡುವುದಿಲ್ಲವೋ ಕಾಣೆ." ಎಲ್ಲ ಲೇಖನದ ಕೆಳಗೂ ಇನ್ನೊಂದು ಸಾಲಿತ್ತು: "ಬಿಚ್ಚಿ ನೋಡಿದವರು ಕಂಡದ್ದನ್ನು ಒಂದು ಕಾರ್ಡಿನಲ್ಲಿ ತಿಳಿಸಿ."

"ಕಾರ್ಡು ಬರ್ತಿದ್ದವಾ?"

"ರೇಡಿಯೋ ಗೊರಗೊರ ಅಂತೈತೆ ಏನ್ ಮಾಡೋದು ಅಂತ ಬರ್ತಿದ್ದವು. ಈ ಚಿತ್ರದ ಬಗ್ಗೆ ಒಂದೂ ಇಲ್ಲ." ಮಲ್ಲಿಕಾರ್ಜುನಪ್ಪ ಹಾಳೆಗಳನ್ನು ಮತ್ತೆ ಕಟ್ಟು ಕಟ್ಟತೊಡಗಿದರು. "ಹೋದ ತಿಂಗಳು ಅವರಿಗೆ ಹೇಳಿದ್ದೆ. ಓದೋರಿಲ್ಲಮ್ಮಾ, ಫೆಬ್ರವರಿಗೆ ಅಂಕಣ ನಿಲ್ಸೋಣ ಅಂತ."

ಕೋಟೆಯ ಕೆಳಗಿನ ಬೀದಿಯಲ್ಲಿ ತಮ್ಮನ ಮನೆಯ ಮಹಡಿ ಮೇಲೆ ಸರ್ವಮಂಗಳಮ್ಮನ ಕೋಣೆ. ಬಿಎಸ್ಸಿ ಓದಿದವರು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಎದ್ದು ನಿಂತರು, ಮುಖ ಅರಳಿತು.

"ಹಿಡಿದು ನೋಡಿದವರು ಯಾರು?"

ಪ್ರಶ್ನೆ ಕೇಳಬೇಕಾದವರು ತಾವೆಂಬುದು ಮುರುಗೇಶಪ್ಪನವರಿಗೆ ಮರೆತೇ ಹೋಯಿತು. "ನಮ್ಮ ರಂಗಣ್ಣ. ಮಿರ್ಚಿ ತಿನ್ನೋವಾಗ."

ಆಕೆ ನಕ್ಕರು. ನಗುನಗುತ್ತಲೇ ಕಣ್ಣೊರೆಸಿಕೊಂಡರು. "ಎಣ್ಣೆ! ಎಣ್ಣೆ ನನಗೆ ಹೊಳೆದೇ ಇರಲಿಲ್ಲವಲ್ಲ. ಎರಡು ಬದಿಯ ಗೆರೆ ಸರಿಯಾಗಿ ಕೂಡಿತ್ತಾ? ಲೆನ್ಸು ಡಬ್ಬಿಯ ಒಳಗೇ ಕೂತಿತ್ತಾ?"

"ಕೂತಿತ್ತು. ಕೂದಲಷ್ಟೂ ಆಚೀಚೆ ಇಲ್ಲ." ಇನ್ಸ್‌ಪೆಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಇದೆಲ್ಲ ಎಲ್ಲಿ ಕಲಿತಿರಿ?"

"ಚಿಕ್ಕಂದಿನಲ್ಲಿ ಅಪ್ಪನ ಜೊತೆ ದನದ ಸಂತೆಗೆ ಹೋಗ್ತಿದ್ದೆ. ದಲ್ಲಾಳಿಗಳು ಟವಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ಮಾತಾಡ್ತಿದ್ದರು. ನಾಲ್ಕು ಜನರ ಕಣ್ಣೆದುರಿಗೇ ಟವಲು, ಆದರೆ ಒಳಗೇನು ನಡೀತು ಅಂತ ಒಬ್ಬರಿಗೂ ತಿಳೀತಿರಲಿಲ್ಲ. ಅವತ್ತಿನಿಂದ ಇದೇ ಹುಚ್ಚು. ಯಂತ್ರದ ಬಗ್ಗೆ ಬರೆಯೋದು ನೆಪ ಅನ್ನಲಾರೆ, ಅದೂ ಪ್ರೀತಿನೇ."

"ಲೆನ್ಸ್ ಯಾಕೆ ತೆಗೆದಿರಿ?"

"ಅಂಕಣ ನಿಲ್ತಿತ್ತು. ನಿಲ್ಲೋ ಮುಂಚೆ ಒಬ್ಬರಾದರೂ ನೋಡಲಿ ಅಂತ. ಜಂಪಣ್ಣ ತನ್ನ ಜಾಹೀರಾತು ನೋಡದೆ ಊಟಕ್ಕೆ ಕೂರಲ್ಲ ಅಂತ ಬೈಲಪ್ಪ ಹೇಳಿದ್ದ. ಶುಕ್ರವಾರ ಪತ್ರಿಕೆ ಹೋಗುತ್ತೆ, ಹುಡುಕೋ ಮನುಷ್ಯ ತಿರುಗಿಸಿ ಮುರುಗಿಸಿ ನೋಡೇ ನೋಡ್ತಾನೆ, ಸಂಜೆಗೆ ಲೆನ್ಸ್ ಸಿಗುತ್ತೆ ಅಂದುಕೊಂಡೆ. ಕೋಣೆ ಬಿಟ್ಟು ಹೊರಗೇ ಹೋಗದ ವಸ್ತು ಕಳುವು ಹೇಗಾಗುತ್ತೆ?"

"ಇದ್ದ ಜಾಗದಿಂದ ಕದಲಿಸಿದರೆ ಸಾಕಮ್ಮ. ಬೈಲಪ್ಪ ಗುರುವಾರದಿಂದ ಒಳಗಿದಾನೆ."

ಸರ್ವಮಂಗಳಮ್ಮನ ಮುಖದ ಬಣ್ಣ ಹೋಯಿತು. ಮಂಚದ ಅಂಚು ಹಿಡಿದು ಕೂತರು. "ಬೈಲಪ್ಪನಾ? ನನಗೆ ಟೀ ತರೋಕೆ ಹೋದವನಾ?" ಅಷ್ಟು ಹೊತ್ತು ಅವರಲ್ಲಿದ್ದ ಸಂತೋಷ ಒಂದು ಚೂರೂ ಉಳಿಯಲಿಲ್ಲ. "ನಡೀರಿ. ಈಗಲೇ ನಡೀರಿ. ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕ್ತೀನಿ."

ಫೆಬ್ರವರಿ ಹದಿಮೂರರಂದು ಅವರನ್ನು ದಸ್ತಗಿರಿ ಮಾಡಲಾಯಿತು. ತಮ್ಮನ ಹೆಂಡತಿ ನಿರ್ಮಲಮ್ಮ ಜೊತೆಗೆ ಬಂದರು. ಮರುದಿನ ಹೊನ್ನಾಳಿಯ ನ್ಯಾಯಾಲಯದಲ್ಲಿ ಜಾಮೀನಾಯಿತು. ಅದೇ ದಿನ ಇನ್ಸ್‌ಪೆಕ್ಟರ ವರದಿಯ ಮೇಲೆ ಬೈಲಪ್ಪನ ಬಿಡುಗಡೆಯಾಯಿತು. ಲೆನ್ಸನ್ನು ಮುಚ್ಚಳಿಕೆ ಬರೆಸಿಕೊಂಡು ಜಂಪಣ್ಣನ ಸುಪರ್ದಿಗೆ ಕೊಟ್ಟರು. ಬಾಕಿ ಉಳಿದದ್ದು ಆರೋಪಿ ಸ್ಥಳ ತೋರಿಸುವ ಮಹಜರು ಒಂದೇ. ಅದಕ್ಕೆಂದು ಬುಧವಾರ ಸಂಜೆ ಸರ್ವಮಂಗಳಮ್ಮ ಆ ತಗಡಿನ ಕೋಣೆಗೆ ಮೂರನೇ ಸಲ ಬಂದರು, ಪೊಲೀಸರ ಜೊತೆ.

ಬಾಗಿಲಲ್ಲೇ ಕೆಂಪಕ್ಕ ನಿಂತಿದ್ದಳು.

"ನಿಮ್ ಚಿತ್ರ ಯಾರೂ ನೋಡ್ಲಿಲ್ಲ ಅಂತ ನನ್ ಗಂಡನ್ನ ಜೈಲಿಗೆ ಹಾಕ್ಸಿದ್ರೇನ್ರೀ?"

ಸರ್ವಮಂಗಳಮ್ಮ ಎರಡೂ ಕೈ ಜೋಡಿಸಿದರು. "ತಪ್ಪಾಯ್ತಮ್ಮ. ಏನು ಹೇಳಿದರೂ ಕಡಿಮೆಯೇ."

"ಕಡಿಮೆಯೇ," ಎಂದಳು ಕೆಂಪಕ್ಕ, ದಾರಿ ಬಿಡದೆ.

ಒಳಗೆ ಬೈಲಪ್ಪ ಲೆನ್ಸ್ ಕೂರಿಸುತ್ತಿದ್ದ. ಮಾತು ಕೇಳಿ ಸರಕ್ಕನೆ ತಿರುಗಿದ. "ಯಾವ ಚಿತ್ರ? ಆ ಪೇಪರಿನ ಚಿತ್ರ ಬರೆಯೋರು ನೀವೇನಮ್ಮಾ? ನೀವು ಬರೇ ಗೀಚ್ಕೊಂಡು ಹೋಗಿ ಕೊಡೋರು, ಪೇಪರಿಗೆ ಬರೆಯೋರು ಯಾರೋ ಗಂಡಸರು ಅಂದ್ಕೊಂಡಿದ್ದೆನಲ್ಲ! ಅವತ್ತು ನಿಮ್ಮ ಕೈಯಾಗೇ ಹೇಳಿ ಕಳಿಸಿದ್ದೆ, ಬರೆಯೋರಿಗೆ ನನ್ನ ನಮಸ್ಕಾರ ಹೇಳ್ರಿ ಅಂತ."

"ಹೇಳಿದ್ದೆಯಪ್ಪಾ. ಉಪಚಾರಕ್ಕೆ ಹೇಳ್ತೀಯ ಅಂದುಕೊಂಡೆ."

"ಉಪಚಾರ ಏನು ಬಂತು! ಬರ್ರಿ, ಬರ್ರಿ ಇಲ್ಲಿ." ಬೈಲಪ್ಪ ಹೊರಗೆ ಓಡಿ ಹೋಗಿ ಪಶ್ಚಿಮದ ಕಿಟಕಿಯ ಹಲಗೆ ತೆಗೆದ.

ಇಳಿಬಿಸಿಲು ಒಳಗೆ ನುಗ್ಗಿತು. ರಂಗಣ್ಣ ಪಂಚನಾಮೆಯಲ್ಲಿ 'ಬಿಸಿಲು ತಡೆಯಲು' ಎಂದು ಬರೆದಿದ್ದ ಹಳೇ ಪತ್ರಿಕೆಯ ತುಂಡುಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಸೈಕಲ್ಲು ಎರಡು ಚಕ್ರದ ಮೇಲೆ ನಿಂತಿತು. ಮರದ ಮೇಲೆ ಹಕ್ಕಿ ಕೊಕ್ಕು ತೆರೆಯಿತು. ಮೀನು, ಮುಖಗಳು, ರಂಗಣ್ಣ ಇನ್ನೂ ನೋಡಿರದ ಎಷ್ಟೋ ಚಿತ್ರಗಳು. ಪ್ರತಿಯೊಂದನ್ನೂ ಅಳತೆಗೆ ಕತ್ತರಿಸಿ, ಗೆರೆಗೆ ಗೋಂದು ತಾಗದ ಹಾಗೆ ಅಂಚಿಗಷ್ಟೇ ಹಚ್ಚಿ ಅಂಟಿಸಿತ್ತು. ಕೋಣೆಯಲ್ಲಿದ್ದವರ ಮುಖದ ಮೇಲೆಲ್ಲ ಹಳದಿ ಬೆಳಕು ಬಿದ್ದಿತ್ತು. ಬಾಗಿಲಲ್ಲಿದ್ದ ಕೆಂಪಕ್ಕ ಕೂಡ ಒಂದು ಹೆಜ್ಜೆ ಒಳಗಿಟ್ಟಳು. ರಂಗಣ್ಣ ಟೋಪಿ ತೆಗೆದ, ಯಾಕೆ ತೆಗೆದನೋ ಅವನಿಗೇ ಗೊತ್ತಿಲ್ಲ.

"ಒಂಬತ್ತು ವರ್ಷ ಆತು ಅಮ್ಮಾ," ಎಂದ ಬೈಲಪ್ಪ ಕಿಟಕಿಯಾಚೆಯಿಂದ. "ನಮ್ದು ರೀಲನ್ನ ಬೆಳಕಿಗೆ ಹಿಡಿದು ನೋಡೋ ಕೆಲಸ ಅಲ್ರಾ? ಪೇಪರ್ ಕೈಗೆ ಬಂದ್ರೂ ಹಂಗೇ ಹಿಡೀತೀನಿ. ಒಂದಿನ ಹಕ್ಕಿ ಕಾಣ್ತು. ಆಮೇಲೆ ಒಂದೂ ಬಿಟ್ಟಿಲ್ಲ, ಹಿಂದಿನವನ್ನೂ ರದ್ದಿ ಅಂಗಡಿಯಾಗೆ ಹುಡ್ಕಿ ತಂದೆ. ದಿನಾ ಸಂಜಿಗೆ ಹಲಗೆ ತೆಗೆದು ಇವನ್ನ ನೋಡಿ, ಮತ್ತೆ ಮುಚ್ಚಿ, ಆಟ ಶುರು ಮಾಡ್ತೀನಿ. ಈ ಸಲದ್ದು ಮಾತ್ರ ನೋಡಾಕೆ ಆಗ್ಲಿಲ್ಲ, ಒಳಗಿದ್ನಲ್ಲ."

ಸರ್ವಮಂಗಳಮ್ಮ ಕಿಟಕಿಯ ಹತ್ತಿರ ಹೋದರು. "ಒಂದು ಕಾರ್ಡು ಹಾಕಬಾರದಿತ್ತೇನಪ್ಪಾ? ಪ್ರತಿ ಸಲ ಕೆಳಗೆ ಬರೆದಿದ್ದೆನಲ್ಲ."

"ಹೌದ್ರಾ? ಏನಂತ ಬರೆದಿದ್ರಿ?" ಬೈಲಪ್ಪ ನಾಚಿಕೊಂಡು ನಕ್ಕ. "ನನಗೆ ಓದಾಕೆ ಬರಲ್ಲ ಅಮ್ಮಾ."

ಸರ್ವಮಂಗಳಮ್ಮ ರೀಲಿನ ಪೆಟ್ಟಿಗೆಯ ಮೇಲೆ ಕೂತು ಮುಖಕ್ಕೆ ಸೆರಗು ಹಿಡಿದು ಬಿಕ್ಕಿಬಿಕ್ಕಿ ಅತ್ತರು. ಕೆಂಪಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಗಿ ಮೂಲೆಯ ಹೂಜಿಯಿಂದ ಒಂದು ಲೋಟ ನೀರು ತಂದು ಅವರ ಪಕ್ಕದಲ್ಲಿಟ್ಟಳು.

ಬಿಸಿಲು ಇಳಿದ ಮೇಲೆ ಮಹಜರು ಬರೆಯಲಾಯಿತು. ಪಂಚರು ಸಹಿ ಹಾಕಿದರು. ಹೊರಗೆ ಜಂಪಣ್ಣನ ಮೈಕು ಕೂಗತೊಡಗಿತ್ತು. ಮುರುಗೇಶಪ್ಪ ಜೀಪಿನಲ್ಲಿ ಕೂತು ಕೇಸ್ ಡೈರಿ ತೆಗೆದು, ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: "ಹನ್ನೆರಡು ವರ್ಷ ತಾನು ಬರೆದ ಚಿತ್ರಗಳನ್ನು ಒಬ್ಬರೂ ನೋಡಲಿಲ್ಲವೆಂಬ ನೋವು." ಪೆನ್ನು ಮುಚ್ಚಿದರು. ಮತ್ತೆ ತೆರೆದು ಕೆಳಗೆ ಇನ್ನೊಂದು ಸಾಲು ಸೇರಿಸಿದರು.

"ನೋಡಿದವನು ಒಬ್ಬನಿದ್ದ. ಆತನನ್ನೇ ನಾವು ಒಳಗೆ ಹಾಕಿದ್ದೆವು."